ಅಪ್‌ಡೇಟ್: ಆಷಾಢಕ್ಕೆ ಮುಂಚೆಯೇ ಹಾಲು ಉಕ್ಕಿತು

ಆಷಾಢದಲ್ಲಿ ಬಾಡಿಗೆ ಮನೆ ಬದಲಾಯಿಸಬಹುದಾ ಅಂತ ಕೇಳಿದ್ದೆ, ಅಮ್ಮ ಶ್ರಾವಣ ಬರಲಿ ಅಂತಿದ್ದರು, ಓನರ್ ಕಾಯೋಕೆ ರೆಡಿ ಇರಲಿಲ್ಲ. ನಿಮ್ಮಲ್ಲೊಬ್ಬರು ಹೇಳಿದ ಹಾಗೆ ಜ್ಯೇಷ್ಠ ಮುಗಿಯುವ ಮುಂಚೆ ಹಾಲು ಉಕ್ಕಿಸಿ, ಸಾಮಾನು ಆಮೇಲೆ ಸಾಗಿಸಿದೆವು.

ಎಡವಟ್ಟಾಗಿದ್ದು ಹಾಲಿನಲ್ಲೇ. ಸಿಲಿಂಡರ್ ಹಳೇ ಮನೆಯಲ್ಲಿತ್ತು, ಸರಿ ಅಂತ ಇಂಡಕ್ಷನ್ ಒಲೆ ತಗೊಂಡು ಹೋದರೆ, ಅಮ್ಮ ಅರಿಶಿನ ಕುಂಕುಮ ಹಚ್ಚಿ ತಂದಿದ್ದು ಅಲ್ಯೂಮಿನಿಯಂ ಪಾತ್ರೆ. ಒಲೆ ಸುಮ್ನೆ ಬೀಪ್ ಬೀಪ್ ಅಂತು. ಅದಕ್ಕೆ ಮ್ಯಾಗ್ನೆಟ್ ಅಂಟುವ ತಳವೇ ಬೇಕಲ್ವಾ! ರಾಹುಕಾಲಕ್ಕೆ ಇನ್ನು ಹತ್ತೇ ನಿಮಿಷ. ಪಕ್ಕದ ಮನೆಯವರು ಸ್ಟೀಲ್ ಪಾತ್ರೆ ಕೊಟ್ಟರು, ಹಾಲು ಪೂರ್ವಕ್ಕೇ ಉಕ್ಕಿತು. (ಒಲೆ ಸ್ವಲ್ಪ ವಾಲಿಸಿದ್ದು ನಾನೇ, ಅಮ್ಮನಿಗೆ ಗೊತ್ತಿಲ್ಲ.)

ಹಳೇ ಮನೆ ಅಡ್ವಾನ್ಸ್‌ನಲ್ಲಿ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು.