ಪದ ಬೇಕು: ಗುಂಡಿಗೆ ಮೆತ್ತುವ ಲೂಬ್ರಿಕಂಟ್ (ಸೋಮವಾರದೊಳಗೆ)

ಎಲ್ಲರಿಗೂ ನಮಸ್ಕಾರ.

ಒಂದು ಅನುವಾದದಲ್ಲಿ ಸಿಕ್ಕಿಕೊಂಡಿದ್ದೇನೆ. ಸೋಮವಾರ ಗದಗಿನ ಪ್ರೆಸ್ಸಿನವರು ಪುಟ ಕಟ್ಟುತ್ತಾರೆ, ಅಷ್ಟರೊಳಗೆ ಪದ ಬೇಕು. ಅಮೆರಿಕದ ಒಬ್ಬ ಮುದುಕ ರೈತನ ನೆನಪುಗಳು. ಆತ ಸೀಸ ಕರಗಿಸಿ, ಅಚ್ಚಿನಲ್ಲಿ ಎರೆದು ತನ್ನ ಬಂದೂಕಿನ ಗುಂಡು ತಾನೇ ಮಾಡಿಕೊಳ್ಳುತ್ತಾನೆ. ಗುಂಡಿನ ಮೈಸುತ್ತ ಗೀರುಗಳಿರುತ್ತವೆ, ಅದರಲ್ಲಿ ಜೇನುಮೇಣದ ಮಿಶ್ರಣ ತುಂಬುತ್ತಾನೆ. ಅದು ಇಲ್ಲದಿದ್ದರೆ ಹಾರುವಾಗ ಸೀಸ ನಳಿಗೆಯ ಒಳಮೈಗೆ ಹತ್ತಿಕೊಳ್ಳುತ್ತದೆ. ಆಮೇಲೆ ಹಿತ್ತಾಳೆ ಕೊಳವೆಗೆ ಮದ್ದು ಹಾಕಿ ಬಾಯಿಗೆ ಗುಂಡು ಕೂಡಿಸುತ್ತಾನೆ. ಅಲ್ಲಿ ಇದು ಹವ್ಯಾಸ. ನಮ್ಮಲ್ಲಿ ಪರವಾನಿಗೆ ಇಲ್ಲದೆ ಮಾಡಿದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಅಪರಾಧ. ಅಡಿಟಿಪ್ಪಣಿ ಹಾಕಿದ್ದೇನೆ, ಆ ಚರ್ಚೆ ಇಲ್ಲಿ ಬೇಡ.

ಒಂದು ಅಧ್ಯಾಯ ಪೂರ್ತಿ ಇವನ್ನು ವರ್ಷಗಟ್ಟಲೆ ಕೆಡದಂತೆ ಇಡುವುದರ ಮೇಲಿದೆ. ಗುಂಡಿಗೆ ಮೆತ್ತುವ ಆ ಲೂಬ್ರಿಕಂಟಿಗೆ ಕನ್ನಡದಲ್ಲಿ ಏನನ್ನೋಣ? ನಿಘಂಟಿನ ‘ಕೀಲೆಣ್ಣೆ’ ನನಗೆ ಒಪ್ಪುತ್ತಿಲ್ಲ. ಇನ್ನೊಂದು ತೊಡಕು: ನಾವು ಹಾರಿಹೋಗುವ ಸೀಸಕ್ಕೂ ಗುಂಡು ಅನ್ನುತ್ತೇವೆ, ಮದ್ದು ತುಂಬಿದ ಇಡೀ ವಸ್ತುವಿಗೂ ಗುಂಡು ಅನ್ನುತ್ತೇವೆ. ಈ ಅಧ್ಯಾಯದಲ್ಲಿ ಎರಡೂ ಬೇರೆ ಬೇರೆ ಇರಲೇಬೇಕು. ‘ತಾನೇ ತುಂಬಿದ’ ಎಂಬುದಕ್ಕೆ ಚುಟುಕಾದ ಸಮಾಸ ಸಿಕ್ಕರೆ ಅದೂ ಬೇಕು.

— ಸಪ್ತಾಪುರ, ಧಾರವಾಡ

*

ಕೀಲೆಣ್ಣೆಯೇ ಸರಿ. ಒಪ್ಪದಿರಲು ಕಾರಣ ಕೊಟ್ಟಿಲ್ಲ.

ಇಡೀ ವಸ್ತುವಿಗೆ ಕಾಡತೂಸು, ತೋಟಾ ಎರಡೂ ಬೇಡ, ಎರಡೂ ಹೊರಗಿನವು. ‘ಮದ್ದುಗೊಳವೆ’ ಅನ್ನಿ. ಮದ್ದು ಹಳಗನ್ನಡದ ಮರ್ದು. ತಮಿಳಿನ ಮರುಂದು, ತೆಲುಗಿನ ಮಂದು ಅದರ ಒಡಹುಟ್ಟುಗಳು. ಪರ್ದು ಹದ್ದಾದ ಹಾದಿಯಲ್ಲೇ ಮರ್ದು ಮದ್ದಾಯಿತು. ರೋಗಕ್ಕೆ ಕೊಡುವುದೂ ಮದ್ದು, ಸಿಡಿಯುವ ಪುಡಿಯೂ ಮದ್ದು. ಚೀನೀ ಭಾಷೆಯಲ್ಲೂ ಸಿಡಿಮದ್ದಿನ ಹೆಸರಿಗೆ ‘ಬೆಂಕಿಯ ಔಷಧಿ’ ಎಂದೇ ಅರ್ಥ. ಇಂಥ ಬೇರು ಮನೆಯಲ್ಲಿರುವಾಗ ಪೋರ್ಚುಗೀಸರ ಮುಂದೆ ಕೈಯೊಡ್ಡುವುದೇಕೆ? ತಾನೇ ತುಂಬಿದ್ದಕ್ಕೆ ‘ಕೈತುಂಬಿದ ಮದ್ದುಗೊಳವೆ’.

— ಬೆಟಗೇರಿ

*

ಕೈತುಂಬಿದ ಅಂದ್ರ ಕೈತುಂಬ ಇರೂದು. ಕೈತುಂಬ ಪಗಾರ ಅಂದಂಗ. ಓದಿದವ ಒಂದು ಮುಷ್ಟಿ ಗುಂಡು ಅಂತ ತಿಳಕೋತಾನ.

ಕೀಲೆಣ್ಣಿ ಅಂದ್ರ ಕೀಲಿಗೆ ಬಿಡೋ ಎಣ್ಣಿ, ಹರಿಯೂದು. ನಾ ರೇಲ್ವೆ ವರ್ಕ್‌ಶಾಪಿನಾಗ ದುಡದಾಂವ. ನಮ್ಮಲ್ಲಿ ಆಯಿಲ್ ಬ್ಯಾರೆ, ಗ್ರೀಸ್ ಬ್ಯಾರೆ. ಒಂದರ ಜಾಗಾದಾಗ ಇನ್ನೊಂದು ಹಾಕಿದ್ರ ಬೇರಿಂಗ್ ಸುಡತಿತ್ತು. ಗ್ರೀಸ್ ಅಂತ ಬರೀರಿ. ಎಲ್ಲಾರಿಗೂ ತಿಳಿತೈತಿ.

— ಗದಗ ರಸ್ತೆ, ಹುಬ್ಬಳ್ಳಿ

*

ಎಣ್ಣೆ ಹರಿಯಲೇಬೇಕು ಎಂದು ಯಾರು ವಿಧಿಸಿದರು? ಆ ಪದ ಹುಟ್ಟಿದ್ದು ಎಳ್ಳು ಮತ್ತು ನೆಯ್ ಸೇರಿ. ಎಳ್ಳಿನ ಜಿಡ್ಡು ಅಷ್ಟೇ. ಅಲ್ಲಿಂದ ಶೇಂಗಾ ಎಣ್ಣೆ, ಕುಸುಬಿ ಎಣ್ಣೆ ಆಯಿತು, ಚಿಮಣಿ ಎಣ್ಣೆ ಆಯಿತು. ನಮ್ಮ ಹೊಲಗಳಲ್ಲಿ ಹತ್ತಿಗೆ ಹೊಡೆಯುವ ಔಷಧವೂ ಎಣ್ಣೆಯೇ, ‘ಎಣ್ಣಿ ಹೊಡ್ಯಾಕ ಹೋಗ್ಯಾನ’ ಅನ್ನುತ್ತೇವೆ. ಇಷ್ಟು ಹಿಗ್ಗಿದ ಪದ ಒಂದು ಗುಂಡಿನ ಮೇಣವನ್ನು ಒಳಗೆ ಕರೆದುಕೊಳ್ಳಲಾರದೇ? ‘ಗುಂಡೆಣ್ಣೆ’ ಎಂದು ಧೈರ್ಯವಾಗಿ ಬರೆಯಿರಿ.

— ಹಾವೇರಿ

*

ಹಾವೇರಿಯ ಸರ್, ಅಷ್ಟು ಹಿಗ್ಗಿದೆ ಎಂಬುದೇ ನನ್ನ ಹೆದರಿಕೆ. ಕಾರಣ ಕೊಟ್ಟಿಲ್ಲ ಎಂದು ಬೆಟಗೇರಿಯವರು ಅಂದದ್ದು ನ್ಯಾಯ, ಈಗ ಕೊಡುತ್ತೇನೆ.

ಈ ಅಧ್ಯಾಯದ ಜೀವಾಳವೇ ‘ಎಣ್ಣೆ ತಾಗಿಸಬೇಡ’ ಎಂಬುದು. ಕೊಳವೆಯ ಬುಡದಲ್ಲಿ ಕೇಪು ಇರುತ್ತದೆ, ಮದ್ದಿಗೆ ಕಿಡಿ ಕೊಡುವುದು ಅದೇ. ಎಣ್ಣೆ ಅಲ್ಲಿಗೆ ಇಳಿದರೆ ಅದು ಸತ್ತೇ ಹೋಗಬಹುದು. ಮದ್ದಿಗೆ ಜಿಡ್ಡು ಹತ್ತಿದರೆ ಉರಿ ಕುಂದುತ್ತದೆ, ಗುಂಡು ಹೊರಬೀಳದೆ ನಳಿಗೆಯಲ್ಲೇ ನಿಲ್ಲಬಹುದು. ಅದು ಗೊತ್ತಾಗದೆ ಹಿಂದಿನಿಂದ ಇನ್ನೊಂದು ಹಾರಿಸಿದರೆ ನಳಿಗೆ ಸೀಳುತ್ತದೆ, ಹಾರಿಸಿದವನ ಮುಖದ ಹತ್ತಿರವೇ. ಈಗ ನಾನು ಒಂದು ಪುಟದಲ್ಲಿ ‘ಗುಂಡಿಗೆ ಗುಂಡೆಣ್ಣೆ ಇರಲಿ’ ಎಂದು ಬರೆದು, ಮರುಪುಟದಲ್ಲಿ ‘ಎಣ್ಣೆ ತಾಗಿಸಬೇಡ’ ಎಂದು ಬರೆದರೆ ಓದುವವರು ಯಾವುದನ್ನು ನಂಬಬೇಕು? ಪದಕ್ಕೆ ಎಷ್ಟು ಹಿಗ್ಗುವ ಶಕ್ತಿ ಇದೆ ಎಂಬ ಪ್ರಶ್ನೆ ಇದಲ್ಲ.

ಮುದುಕ ಹೇಳುವುದೆಲ್ಲ ಈ ಮೇಣದ ಸುತ್ತಲೇ. ಶುದ್ಧ ಜೇನುಮೇಣ ಕರಗಲು 62–64 ಡಿಗ್ರಿ ಸೆಲ್ಸಿಯಸ್ ಬೇಕು, ಆದರೆ ಮಿದುವಾಗಲಿ ಎಂದು ಜಿಡ್ಡು ಕೂಡಿಸಿದ ಮಿಶ್ರಣ ಅದಕ್ಕಿಂತ ಮೊದಲೇ ಸಡಿಲಾಗುತ್ತದೆ. ಬಿಸಿಲಿಗೆ ನಿಂತ ಕಾರಿನಲ್ಲಿ ಡಬ್ಬಿ ಬಿಟ್ಟರೆ ಮೇಣ ಮದ್ದಿನ ಕಡೆ ಇಳಿಯುತ್ತದೆ ಎಂದು ಆತ ಗುಂಡಿನ ಮೂತಿ ಕೆಳಗೆ ಮಾಡಿ ಇಡುತ್ತಾನೆ. ಮೇಣ ತುಂಬಿದ ಗೀರು ಕೊಳವೆಯ ಹೊರಗೆ ಕಾಣಬಾರದು, ಕಂಡರೆ ಧೂಳು ಮೆತ್ತಿ ನಳಿಗೆಯನ್ನು ತೇಯುತ್ತದೆ. ಡಬ್ಬಿಯ ಮೇಲೆ ಯಾವ ಮದ್ದು, ಎಷ್ಟು ತೂಕ, ಯಾವ ದಿನ ಎಂದು ಚೀಟಿ. ಇಷ್ಟನ್ನೂ ನಮ್ಮ ಬೇಸಿಗೆ ಕಂಡ ಓದುಗರಿಗೆ ಹೇಳುತ್ತಿದ್ದೇನೆ, ‘ಎಣ್ಣೆ’ ಬಂದರೆ ಅರ್ಥವೇ ಮುರಿಯುತ್ತದೆ.

‘ಮೇಣಗುಂಡು’ ಎಂದು ಮಾಡಿ ನೋಡಿದೆ. ಅದೂ ಆಗದು. ಬರೀ ಮೇಣದಲ್ಲೇ ಮಾಡಿದ, ಅಭ್ಯಾಸಕ್ಕೆಂದು ಹಾರಿಸುವ ಗುಂಡುಗಳು ಆ ದೇಶದಲ್ಲಿ ಬೇರೆಯೇ ಇವೆ.

— ಸಪ್ತಾಪುರ

*

ಅಕ್ಕಾರ, ಇದನ್ನ ಹೊಸದಾಗಿ ಹುಡುಕುವ ಅಗತ್ಯವೇ ಇಲ್ಲ. 1857ರ ಪಾಠ ಮಾಡುವಾಗ ನಾವು ಮಾಸ್ತರುಗಳು ‘ಕೊಬ್ಬು ಸವರಿದ ಕಾಡತೂಸು’ ಎಂದು ಹೇಳುತ್ತಲೇ ಬಂದಿದ್ದೇವೆ. ಆ ಎನ್‌ಫೀಲ್ಡ್ ಬಂದೂಕಿನ ಕಾಡತೂಸು ಕಾಗದದ್ದು, ಒಳಗೆ ಮದ್ದು ಮತ್ತು ಸೀಸದ ಗುಂಡು, ಹೊರಗಿನ ಕಾಗದಕ್ಕೆ ಜಿಡ್ಡು. ಸಿಪಾಯಿಗಳು ಸಿಟ್ಟಿಗೆದ್ದ ಮೇಲೆ ಮೇಣ, ಎಣ್ಣೆ ತಾವೇ ತಂದು ಹಚ್ಚಿಕೊಳ್ಳಿ ಎಂದರು, ಹಲ್ಲಿನಿಂದ ಕಡಿಯುವುದು ಬೇಡ, ಕೈಯಿಂದ ಹರಿಯಿರಿ ಎಂದರು. ಅಷ್ಟರಲ್ಲಿ ಮಾತು ಮೀರಿತ್ತು. ನರಗುಂದದ ಬಾಬಾಸಾಹೇಬರು, ಮುಂಡರಗಿಯ ಭೀಮರಾಯರು 1858ರಲ್ಲಿ ಎದ್ದಾಗ ಈ ಭಾಗದ ಜನಕ್ಕೆ ದೊಡ್ಡ ಗಾಯವಾಗಿದ್ದದ್ದು ಆಯುಧ ಕಸಿಯುವ ಕಾನೂನು. ಆ ಕಥೆಯನ್ನು ಕನ್ನಡದಲ್ಲಿ ಹೇಳಿದವರು ಕಾಡತೂಸು ಎಂದೇ ಹೇಳಿದರು, ಕೇಳಿದವರಿಗೆ ತಿಳಿಯಿತು. ‘ಮೇಣ ಸವರಿದ’ ಎಂದು ಹಾಕಿ ಮುಗಿಸಿರಿ.

— ನರಗುಂದ

*

ತಿಳಿಯುತ್ತದೆ ಎಂಬುದೇ ಅಳತೆಯಾದರೆ ಕಾರ್ಟ್ರಿಜ್ ಎಂದೇ ಬರೆಯಿರಿ, ಅದೂ ತಿಳಿಯುತ್ತದೆ. ಕಾಡತೂಸು ಪೋರ್ಚುಗೀಸರ ಕಾರ್ತೂಶು, ಮರಾಠಿಯ ಹೆಗಲೇರಿ ಬಂದದ್ದು. ಮುಂಬೈ ಇಲಾಖೆಯ ಕಾಲದಲ್ಲಿ ಕಚೇರಿಯಿಂದ ಶಾಲೆಯವರೆಗೆ ಮರಾಠಿ ಮೆರೆದದ್ದನ್ನು ಈ ಊರುಗಳು ಮರೆತಿರಬಹುದು, ನಾನು ಮರೆತಿಲ್ಲ. ಮೇಣವೂ ಕನ್ನಡದ್ದಲ್ಲ: ಸಂಸ್ಕೃತದ ಮದನ, ಪ್ರಾಕೃತದ ಮಯಣ. ‘ಅರಗು’ ಅನ್ನಿ.

— ಬೆಟಗೇರಿ

*

ಹಂಗಾದ್ರ ಪಗಾರ ಬಿಡ್ರಿ, ಬಟಾಟಿ ಬಿಡ್ರಿ, ಮೇಜು ಬಿಡ್ರಿ, ಅರಿವಿಗೆ ಇಸ್ತ್ರಿ ಬಿಡ್ರಿ. ಎಲ್ಲಾ ಅದ ಪೋರ್ಚುಗೀಸರ ಕಡೆಯಿಂದನ ಬಂದಾವ. ಬಂದೂಕು ಅರಬ್ಬಿಯಿಂದ ಬಂತು, ತುಪಾಕಿ ತುರ್ಕಿಯಿಂದ ಬಂತು. ಬಂದೂಕೇ ಹೊರಗಿಂದು, ಅದರೊಳಗ ಹೋಗೂದಕ್ಕ ಯಾಕ ಜಾತಿ ಕೇಳ್ತೀರಿ? ಮರಾಠಿ ಮ್ಯಾಲಿನ ಸಿಟ್ಟು ನನಗೂ ಐತಿ. ನಮ್ಮಪ್ಪ ಮರಾಠಿ ಸಾಲ್ಯಾಗ ಕಲಿಬೇಕಾತು. ಆದ್ರ ಆ ಸಿಟ್ಟು ಪದದ ಮ್ಯಾಲ ತೀರಿಸಿದ್ರ ನಷ್ಟ ನಮಗ.

— ಗದಗ ರಸ್ತೆ, ಹುಬ್ಬಳ್ಳಿ

*

ಅರಗು ಗಟ್ಟಿಯಾಗುತ್ತದೆ, ಪೆಟ್ಟಿಗೆ ಒಡೆಯುತ್ತದೆ. ಇಲ್ಲಿ ಬೇಕಾದದ್ದು ಉಗುರಿಗೆ ಮಣಿಯುವ ವಸ್ತು. ಅದು ಮೇಣವೇ. ಪದ ಎಲ್ಲಿಂದ ಬಂತೆಂದು ವಸ್ತುವನ್ನೇ ಬದಲಿಸಲು ಆಗುವುದಿಲ್ಲ.

ನರಗುಂದದ ಮಾಸ್ತರರ ‘ಸವರಿದ’ ಹತ್ತಿರ ಬಂತು, ಆದರೆ ಸವರುವುದು ಮೇಲ್ಮೈಯ ಕೆಲಸ. ಇಲ್ಲಿ ಮೇಣ ಗೀರಿನೊಳಗೆ ಕೂಡುತ್ತದೆ. ಮೆತ್ತುವುದು ಎಂದರೆ ಒತ್ತಿ ತುಂಬಿದ ಭಾವ ಬರುತ್ತದೆ, ಗೋಡೆಯ ಬಿರುಕಿಗೆ ಮಣ್ಣು ಮೆತ್ತುತ್ತೇವಲ್ಲ, ಹಾಗೆ. ಹುಬ್ಬಳ್ಳಿಯವರ ಗ್ರೀಸ್ ಸುಲಭದ್ದು, ಆದರೆ ಡಬ್ಬಿಯಲ್ಲಿ ಸಿಗುವ ಗ್ರೀಸನ್ನೇ ಯಾರಾದರೂ ಬಳಿದಾರು ಎಂದು ಬಿಟ್ಟೆ. ಹಾರುವ ಸೀಸ ಮಾತ್ರ ಗುಂಡು, ಇಡೀ ವಸ್ತು ಕಾಡತೂಸು ಎಂದು ಅಧ್ಯಾಯದ ಮೊದಲ ಸಾಲಲ್ಲೇ ಕಟ್ಟುಹಾಕಿದ್ದೇನೆ. ‘ತಾನೇ ತುಂಬಿದ’ಕ್ಕೆ ಸಮಾಸ ಮಾಡುವ ಹಟ ಬಿಟ್ಟೆ, ವಾಕ್ಯದಲ್ಲೇ ಹೇಳಿದರೆ ಕನ್ನಡಕ್ಕೆ ಏನೂ ಕಡಿಮೆಯಾಗದು.

ಪ್ರೆಸ್ಸಿಗೆ ಹೋದದ್ದು: “ಮೇಣ ಮೆತ್ತಿದ ಎರಕದ ಗುಂಡಿಟ್ಟು ಮನೆಯಲ್ಲೇ ತುಂಬಿದ ಕಾಡತೂಸುಗಳನ್ನು ತಂಪಾದ, ಒಣಗಿದ ಜಾಗದಲ್ಲಿ, ಗುಂಡಿನ ಮೂತಿ ಕೆಳಗಿರುವಂತೆ ಇಡು. ಎಣ್ಣೆಗೈಯಲ್ಲಿ ಮುಟ್ಟಬೇಡ.”

— ಸಪ್ತಾಪುರ

*

‘ಎಣ್ಣೆಗೈ’ ಒಳ್ಳೆಯ ಸಮಾಸ. ಕಾಡತೂಸಿಗೆ ನನ್ನ ಆಕ್ಷೇಪ ಹಾಗೇ ಇದೆ.

— ಬೆಟಗೇರಿ