ನಿಂತುಹೋದ ಜಂಗಿ ಕುಸ್ತಿ ಮತ್ತೆ ಇಡಬೇಕು: ಕಣ, ಜೋಡಿ, ರೊಕ್ಕದ ಲೆಕ್ಕ ಹೇಗೆ?

ಕುಷ್ಟಗಿ ಸೀಮೆ (ಪ್ರಶ್ನೆ)

ಎಲ್ಲರಿಗೂ ಶರಣು. ಕುಷ್ಟಗಿ ತಾಲೂಕಿನ ಒಂದು ಊರಿನ ಜಾತ್ರೆಯಲ್ಲಿ ಹುಡುಗರೇ ಕಮಿಟಿ ಕಟ್ಟಿಕೊಂಡು ಜಂಗಿ ನಿಕಾಲಿ ಕುಸ್ತಿ (ಎದುರಾಳಿಯ ಎರಡೂ ಭುಜ ನೆಲಕ್ಕೆ ಹತ್ತಿಸಿ ಚಿತ್ ಮಾಡಿದರಷ್ಟೇ ಗೆಲುವು) ಇಡುತ್ತಿದ್ದರು. ಮೊದಮೊದಲು ಸುತ್ತಲಿನ ಗರಡಿಗಳ ಜೋಡಿ ಮಾತ್ರ. ಆಮೇಲೆ ಬೆಳಗಾವಿ, ಸಾಂಗ್ಲಿ, ಕೊಲ್ಲಾಪುರದ ಪೈಲ್ವಾನರು ಬಂದರು, ಒಂದು ದಿನದ ಕುಸ್ತಿ ಎರಡು ದಿನವಾಯಿತು, ಕಡೇ ಜೋಡಿಗೆ ಬೆಳ್ಳಿ ಗದೆ ಇಟ್ಟರು. ಅದಾಗಿ ಸ್ವಲ್ಪದರಲ್ಲೇ ಸಾಲ ಉಳಿದು ಎಲ್ಲ ನಿಂತಿತು. ಕೊನೆಯ ಸಲವೂ ಜನಕ್ಕೇನೂ ಕೊರತೆ ಇರಲಿಲ್ಲ.

ಬರುವ ಫೆಬ್ರವರಿಯ ಜಾತ್ರೆಗೆ ಒಂದೇ ದಿನದ ಕುಸ್ತಿ ಮತ್ತೆ ಇಡುವ ಮಾತು ನಡೆದಿದೆ. ಊರಿನದು ಪೂರಾ ಎರೆ (ಕಪ್ಪು ಮಣ್ಣಿನ) ಭೂಮಿ, ಕಣಕ್ಕೆ ಏನು ಮಾಡಬೇಕು? ಎಷ್ಟು ಜೋಡಿ ಹಿಡಿಸಬಹುದು, ಇನಾಮು ಹೇಗೆ ಹಂಚಬೇಕು? ಜನ ತುಂಬಿದರೂ ಇಂಥ ಕಮಿಟಿಗಳು ಯಾಕೆ ಮುಳುಗುತ್ತವೆ? ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ.

ಮಸಾರಿ ಹೊಲ

ಕಣದ್ದು ನಾ ಹೇಳ್ತೀನಿ ಅಣ್ಣಾರ. ಎರಿ ಮಣ್ಣಾಗ ಕುಸ್ತಿ ಆಗಂಗಿಲ್ಲ. ಹಸಿ ಇದ್ರ ಮೈಗೆ ಮೆತ್ತತೈತಿ, ಒಣಗಿದ್ರ ಹೆಂಟಿ ಬೆನ್ನಿಗೆ ಚುಚ್ಚತಾವ. ಮಸಾರಿ, ಅಂದ್ರ ಕೆಂಪು ಮಣ್ಣು ತರಸ್ರಿ. ರೋಡಿಗೆ ಹಾಕೋ ಮೊರಂ ಬ್ಯಾಡ, ಅದರಾಗ ಹರಳು ಭಾಳ. ಸಂಡೂರು ಕಡೀ ಗಣಿ ಮಣ್ಣು ಕೆಂಪಗೈತಿ ಅಂತ ಯಾರಾದ್ರೂ ಪುಕ್ಕಟೆ ಕೊಟ್ರೂ ಬ್ಯಾಡ, ಅದಿರಿನ ಚೂರು ಚರ್ಮಾ ಸೀಳತಾವ.

25 ಅಡಿ ಚೌಕ, ಒಂದಡಿ ಆಳ ತೆಗೀರಿ. ಲೆಕ್ಕಕ್ಕ 625 ಘನ ಅಡಿ, ಅಂದ್ರ ಆರೂಕಾಲು ಬ್ರಾಸ್ (ನೂರು ಘನ ಅಡಿಗೆ ಒಂದು ಬ್ರಾಸ್). ಆದ್ರ ಸಡ್ಲ ಮಣ್ಣು ತುಳಿದಂಗೆಲ್ಲ ಕುಂದ್ರತೈತಿ, ಎಂಟು ಬ್ರಾಸ್ ಹೇಳ್ರಿ. ತೆಗೆದ ಎರಿ ಚೆಲ್ಲಬ್ಯಾಡ್ರಿ. ಕಣದಿಂದ ಹತ್ತಡಿ ಬಿಟ್ಟು ಸುತ್ತ ಒಡ್ಡು ಹಾಕಿ ತುಳಸ್ರಿ, ಜನ ಅದರ ಮ್ಯಾಲ ಕುಂತು ನೋಡ್ತಾರ. ಕಟಿಗಿ ಗ್ಯಾಲರಿ ಕಟ್ಟೋದು ಬ್ಯಾಡ. ಕಡೇ ಜೋಡಿ ಬಂದಾಗ ಎಲ್ಲಾರೂ ಒಮ್ಮೆಲೇ ಎದ್ದು ಒಂದ ಕಡೀ ವಾಲತಾರ, ಗ್ಯಾಲರಿ ಕುಸಿಯೋದು ಆವಾಗ.

ತಳಕ್ಕ ಎರಡು ಇಂಚು ಉಸುಕು ಹರವ್ರಿ, ಇಲ್ಲಂದ್ರ ಕೆಳಗಿನ ಎರಿ ಹಸಿ ಹಿಡಕೊಂಡು ಮ್ಯಾಲ ಕೂಡತೈತಿ. ಮ್ಯಾಲ ಸಾಣಿಸಿದ ಮಸಾರಿ ನಾಕು ಪಾಲು, ಸಣ್ಣ ಉಸುಕು ಒಂದು ಪಾಲು. ಜಾತ್ರಿ ನಾಕೈದು ದಿನ ಇರುವಾಗ ಹತ್ತು ಲೀಟರ್ ಎಳ್ಳೆಣ್ಣಿ, ಐದು ಕೆಜಿ ಅರಿಷಿಣ ಪುಡಿ ಹಾಕಿ ಸಲಿಕೀಲೆ ತಿರುವ್ರಿ. ಮಜ್ಜಿಗಿ ಹಿಂದಿನ ದಿನ ಸಾಕು, ಮೊದಲ ಹಾಕಿದ್ರ ನಾರತೈತಿ, ಇರುವಿ ಕೂಡತಾವ. ನಿಂಬಿಹಣ್ಣು, ಕರ್ಪೂರ, ಕುಂಕುಮ ಪೂಜಾದ ದಿನ.

ನೀರು ಹಿಂದಿನ ಸಂಜೀಕ ಚಿಮುಕಿಸಿ ತಾಡಪತ್ರಿ ಮುಚ್ಚ್ರಿ. ಮುಂಜಾನೆ ಒಂದು ಹಿಡಿ ಮಣ್ಣು ಹಿಚುಕಿ ನೋಡ್ರಿ. ಉಂಡಿ ಆಗಬೇಕು, ಹೆಬ್ಬೆರಳಿಂದ ಒತ್ತಿದ್ರ ಒಡೀಬೇಕು. ಒಡೀಲಿಲ್ಲಂದ್ರ ನೀರು ಹೆಚ್ಚಾಗೈತಿ. ಹಂಗ ಬಿಟ್ರ ಪಾದ ಮಣ್ಣಾಗ ಹುಗದು ಮೈ ತಿರುಗತೈತಿ, ಮೊಣಕಾಲಿನ ಲಿಗಮೆಂಟ್ ಹರಿಯೋದು ಹಂಗ. ಒಣ ಇದ್ರ ಧೂಳು ಕಣ್ಣಿಗೆ. ಮೂರ್ನಾಕು ಜೋಡಿಗೊಮ್ಮೆ ಕಣ ಕೆದರಾಕ ಒಬ್ಬನ್ನ ಇಡ್ರಿ.

ಹಲಗಿ ಸಪ್ಪಳ

ಜೋಡಿ ಮತ್ತು ಇನಾಮಿನ ಬಗ್ಗೆ. ಒಂದೇ ಕಣ, ಒಂದು ಸಲಕ್ಕೆ ಒಂದೇ ಜೋಡಿ ಅಂತ ಹಿಡಿಯಿರಿ. 18 ಸಣ್ಣ ಜೋಡಿಗೆ ತಲಾ 4 ನಿಮಿಷ, 9 ನಡುವಿನ ಜೋಡಿಗೆ ತಲಾ 8, ಮೂರು ದೊಡ್ಡ ಜೋಡಿಗೆ ತಲಾ 15. ಒಬ್ಬರೂ ಚಿತ್ ಆಗದೆ ಪೂರ್ತಿ ಸಮಯ ಹಿಡಿದರೂ 189 ನಿಮಿಷ. ಒಳಗೆ ಬರಲು, ಹೊರಗೆ ಹೋಗಲು ಜೋಡಿಗೊಂದು ನಿಮಿಷ ಸೇರಿಸಿದರೆ 219. ಮಧ್ಯಾಹ್ನ ಎರಡೂವರೆಗೆ ಮೊದಲ ಜೋಡಿ ಬಿಟ್ಟರೆ ಆರು ಹತ್ತರೊಳಗೆ ಮುಗಿಯುತ್ತದೆ, ಲೈಟಿನ ಖರ್ಚೇ ಬೇಡ. ಇದಕ್ಕಿಂತ ಹೆಚ್ಚು ಜೋಡಿ ಹಿಡಿಸಿದರೆ ಕತ್ತಲಾಗುತ್ತದೆ. ಆಗ ಕಮಿಟಿಯವರು ಸಣ್ಣ ಹುಡುಗರ ಜೋಡಿ ಕಿತ್ತು ಹಾಕುತ್ತಾರೆ. ಅವರ ಅಪ್ಪ, ಕಾಕಾ, ಇಡೀ ಓಣಿ ಆ ಒಂದು ಜೋಡಿ ನೋಡಲಿಕ್ಕೆ ಬಂದಿರುತ್ತದೆ. ಮುಂದಿನ ವರ್ಷ ಆ ಊರಿನ ಒಬ್ಬರೂ ಬರುವುದಿಲ್ಲ. ಕುಸ್ತಿಯ ಬೇರು ಇರುವುದೇ ಅಲ್ಲಿ.

ಮುಂಜಾನೆ ಹತ್ತರೊಳಗೆ ಹೆಸರು ಬರೆದು ತಕ್ಕಡಿಯಲ್ಲಿ ತೂಗಿ. ಸಣ್ಣವರಲ್ಲಿ ಮೂರು ಕೆಜಿ, ದೊಡ್ಡವರಲ್ಲಿ ಐದು ಕೆಜಿಗಿಂತ ಹೆಚ್ಚು ಅಂತರ ಬೇಡ. ವಸ್ತಾದಿಗಳು (ಗರಡಿಯ ಗುರುಗಳು) ಕಣ್ಣಳತೆಯಲ್ಲೇ ಜೋಡಿ ಕಟ್ಟುತ್ತೇವೆ ಅಂದರೂ ತೂಕ ಬಿಡಬೇಡಿ, ಜಗಳ ಹುಟ್ಟುವುದು ಇಲ್ಲೇ. ಅದೇ ಹೊತ್ತಿಗೆ ಉಗುರು, ಚರ್ಮ ನೋಡಿ. ಗಜಕರ್ಣ, ಕೀವುಗುಳ್ಳೆ ಇದ್ದವನನ್ನು ಕಣಕ್ಕೆ ಇಳಿಸಬಾರದು, ಒಬ್ಬನಿಂದ ಅವನ ಜೊತೆ ಹಿಡಿದವನಿಗೆ ಅಂಟುತ್ತದೆ.

ಇನಾಮು: ಸಣ್ಣ ಜೋಡಿಗೆ ಗೆದ್ದವನಿಗೆ 700, ಸೋತವನಿಗೆ 300. ನಡುವಿನದಕ್ಕೆ 3,000 ಮತ್ತು 1,000. ದೊಡ್ಡ ಮೂರಕ್ಕೆ ಜೋಡಿ ಲೆಕ್ಕದಲ್ಲಿ 12,000, 18,000, 28,000. ಅದರಲ್ಲಿ ಮುಕ್ಕಾಲು ಗೆದ್ದವನಿಗೆ, ಕಾಲು ಸೋತವನಿಗೆ. ಒಟ್ಟು 1,12,000. ಕಡೇ ಜೋಡಿ ಇದರಲ್ಲಿ ಸರಿಯಾಗಿ ಕಾಲು ಭಾಗ, ಅದನ್ನು ದಾಟಬೇಡಿ.

ಬರಾಬರಿ ಆದರೆ ಇಬ್ಬರಿಗೂ ಸೋತವನ ರೊಕ್ಕ ಮಾತ್ರ, ಉಳಿದದ್ದು ಕಮಿಟಿಗೆ ವಾಪಸ್. ಗೆಲುವಿನ ರೊಕ್ಕವನ್ನು ಅರ್ಧರ್ಧ ಹಂಚಿದರೆ ಪೈಲ್ವಾನರು ಒಳಗೊಳಗೇ ಮಾತಾಡಿಕೊಂಡು ಕೈ ಕೈ ಹಿಡಿದು ಹೊತ್ತು ಕಳೆಯುತ್ತಾರೆ. ಜನರಿಗೆ ಅದು ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ಎರಡು ಸಲ ಎಚ್ಚರಿಸಿಯೂ ಹಿಡಿಯದಿದ್ದರೆ ಬಸ್ ಚಾರ್ಜು ಕೊಟ್ಟು ಹೊರಗೆ ಕಳಿಸುವ ಅಧಿಕಾರ ಪಂಚರಿಗೆ (ತೀರ್ಪುಗಾರರಿಗೆ) ಇರಲಿ, ಅದನ್ನು ಮುಂಜಾನೆಯೇ ಮೈಕಿನಲ್ಲಿ ಹೇಳಿ. ಪಂಚರು ಮೂವರಿರಲಿ. ಮೂವರೂ ಬೇರೆ ಬೇರೆ ಊರಿನವರು, ಯಾರ ಗರಡಿಯ ಹುಡುಗ ಕಣದಲ್ಲಿದ್ದಾನೋ ಅವರು ಆ ಜೋಡಿಗೆ ಹೊರಗೆ ಕೂರಬೇಕು.

ಸ್ಪೋರ್ಟ್ಸ್ ಹಾಸ್ಟೆಲಿನಲ್ಲಿ ಮ್ಯಾಟ್ ಮೇಲೆ ಕಲಿತ ಹುಡುಗರು ಬಂದರೆ ನಿಯಮ ಬಿಡಿಸಿ ಹೇಳಿ. ಅಲ್ಲಿ ಮೂರು ಮೂರು ನಿಮಿಷದ ಎರಡು ಸುತ್ತು, ಫ್ರೀಸ್ಟೈಲಿನಲ್ಲಿ 10 ಪಾಯಿಂಟ್ ಅಂತರ ಬಿದ್ದರೆ ಅಲ್ಲಿಗೇ ಮುಗಿಯಿತು. ಇಲ್ಲಿ ಪಾಯಿಂಟಿಲ್ಲ, ಎರಡೂ ಭುಜ ನೆಲಕ್ಕೆ ಹತ್ತಬೇಕು.

ರಾಯಚೂರು ಲೆಕ್ಕಪತ್ರ

ಜನ ತುಂಬಿದರೂ ಯಾಕೆ ಮುಳುಗುತ್ತವೆ ಅಂತ ಕೇಳಿದಿರಿ. ಬರಬೇಕಾದ ರೊಕ್ಕವನ್ನು ಬಂದ ರೊಕ್ಕ ಅಂತ ಎಣಿಸುವುದರಿಂದ.

ಅಮೆರಿಕದ ಇಸಿಡಬ್ಲ್ಯೂ (ಎಕ್ಸ್‌ಟ್ರೀಮ್ ಚಾಂಪಿಯನ್‌ಶಿಪ್ ರೆಸ್ಲಿಂಗ್) ಅನ್ನುವ ಕಂಪನಿ ನೋಡಿ. ಅದು ತೋರಿಕೆಯ ಕುಸ್ತಿ, ಗೆಲ್ಲುವವರು ಯಾರೆಂದು ಮೊದಲೇ ಗೊತ್ತುಮಾಡಿರುತ್ತಾರೆ. ನಮ್ಮ ನಿಕಾಲಿ ಕುಸ್ತಿಗೂ ಅದಕ್ಕೂ ಸಂಬಂಧವಿಲ್ಲ, ಆದರೆ ರೊಕ್ಕದ ದಾರಿ ಒಂದೇ. ಫಿಲಡೆಲ್ಫಿಯಾದ ಒಂದು ಬಿಂಗೊ ಹಾಲಿನಲ್ಲಿ ಬೆಳೆದ ಸಣ್ಣ ಕಂಪನಿ. 1997ರ ಏಪ್ರಿಲಿನಲ್ಲಿ ಜನ ಮನೆಯಲ್ಲೇ ದುಡ್ಡು ಕಟ್ಟಿ ನೋಡುವ ತನ್ನ ಮೊದಲ ನೇರ ಪ್ರಸಾರ ಮಾಡಿತು, 1999ರ ಆಗಸ್ಟಿನಲ್ಲಿ ಇಡೀ ದೇಶಕ್ಕೆ ಕಾಣುವ ಟಿವಿಗೆ ಬಂತು. ಖರ್ಚು ಆ ಮಟ್ಟಕ್ಕೆ ಏರಿತು, ಪ್ರಸಾರದ ರೊಕ್ಕ ಮಾತ್ರ ತಡವಾಗಿ ಕೈಸೇರುತ್ತಿತ್ತು. ಹೆಸರು ಮಾಡಿದವರನ್ನು ದೊಡ್ಡ ಕಂಪನಿಗಳು ಹೆಚ್ಚು ಸಂಬಳ ಕೊಟ್ಟು ಎಳೆದುಕೊಂಡವು. 2000ರ ಅಕ್ಟೋಬರಿನಲ್ಲಿ ಟಿವಿ ಕಾರ್ಯಕ್ರಮ ನಿಂತಿತು, ಉಳಿದವರಿಗೆ ಪಗಾರ ಬಾಕಿ ಬಿತ್ತು, 2001ರ ಏಪ್ರಿಲಿನಲ್ಲಿ ದಿವಾಳಿ ಅರ್ಜಿ. ನೋಡುವವರು ಕೊನೆಯವರೆಗೂ ಇದ್ದರು.

ನಮ್ಮಲ್ಲಿ ಆ ಪ್ರಸಾರದ ಜಾಗದಲ್ಲಿ ಮೈಕು ಇದೆ. ಗಣ್ಯರು ವೇದಿಕೆ ಹತ್ತಿ ಐದು ಸಾವಿರ, ಹತ್ತು ಸಾವಿರ ಅಂತ ಕೂಗಿಸುತ್ತಾರೆ, ಗೆದ್ದವನು ರಾತ್ರಿಯೇ ಕೇಳುತ್ತಾನೆ, ಕಮಿಟಿಯವರು ಕೈಗಡ ತಂದು ಕೊಡುತ್ತಾರೆ. ಕೂಗಿಸಿದವರ ಮನೆಗೆ ಆರು ತಿಂಗಳು ಅಲೆದಾಟ. ರೊಕ್ಕ ಎಣಿಸಿ ರಸೀದಿ ಹರಿದ ಮೇಲಷ್ಟೇ ಮೈಕಿನಲ್ಲಿ ಹೆಸರು. ಇದೊಂದನ್ನು ಯಾರ ಮುಲಾಜಿಗೂ ಬಿಡಬೇಡಿ.

ಬೆಳ್ಳಿ ಗದೆಯದೂ ಇದೇ ಕಥೆ. ಹ್ಯಾಂಡ್‌ಬಿಲ್ಲಿನಲ್ಲಿ ‘ಅರ್ಧ ಕೆಜಿ ಬೆಳ್ಳಿ’ ಅಂತ ಅಚ್ಚಾದ ಮೇಲೆ ದರ ಏರಿದರೆ ಏರಿದ್ದೆಲ್ಲ ಕಮಿಟಿಯ ತಲೆಗೆ. ಇನಾಮನ್ನು ರೂಪಾಯಿಯಲ್ಲೇ ಬರೆಯಿರಿ.

ಇನ್ನು ವಂತಿಗೆ. ಗಂಗಾವತಿ, ಕಾರಟಗಿಯ ರೈಸ್ ಮಿಲ್ಲುಗಳನ್ನೇ ನಂಬಿ ಪಟ್ಟಿ ಎತ್ತಿದರೆ ನಿಮ್ಮ ಕುಸ್ತಿ ತುಂಗಭದ್ರಾ ಕಾಲುವೆಯ ನೀರಿನ ಮೇಲೆ ನಿಂತಂತೆ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋಯಿತಲ್ಲ, ಅಂಥ ವರ್ಷ ಮಿಲ್ಲಿನವರು ಮೊದಲು ಕಡಿಯುವುದು ಇಂಥ ಖರ್ಚನ್ನೇ. ದೊಡ್ಡ ಐದು ಹೆಸರಿಗಿಂತ 500 ರೂಪಾಯಿಯ ಮುನ್ನೂರು ರಸೀದಿ ಗಟ್ಟಿ: ಒಂದೂವರೆ ಲಕ್ಷವಾಯಿತು, ಒಬ್ಬರು ತಪ್ಪಿಸಿದರೆ ಕಣ ನಿಲ್ಲುವುದಿಲ್ಲ. ಜಂಟಿ ಸಹಿಯ ಬ್ಯಾಂಕ್ ಖಾತೆ ತೆಗೆಯಿರಿ, ಕುಸ್ತಿಯ ಮರುವಾರ ಜಮಾ–ಖರ್ಚನ್ನು ಗುಡಿಯ ಗೋಡೆಗೆ ಹಚ್ಚಿ. ಹ್ಯಾಂಡ್‌ಬಿಲ್ ಅಚ್ಚಾಗುವ ದಿನ ಇನಾಮಿನ ಪೂರ್ತಿ ರೊಕ್ಕ ಖಾತೆಯಲ್ಲಿರಬೇಕು. ಇಲ್ಲದಿದ್ದರೆ ಕಡೇ ಜೋಡಿ ಇಳಿಸಿ, ಸಣ್ಣವರದ್ದು ಮುಟ್ಟಬೇಡಿ.

ಕುಷ್ಟಗಿ ಸೀಮೆ

ಮೂವರಿಗೂ ಶರಣು. ಹಳೆಯ ಸಾಲ 40 ಸಾವಿರದಷ್ಟು ಇನ್ನೂ ಇದೆ, ಅದರಲ್ಲಿ ಸ್ವಲ್ಪ ಪೈಲ್ವಾನರಿಗೇ ಕೊಡಬೇಕಾದದ್ದು. ಮೊದಲು ಯಾವುದು? ಪರವಾನಗಿ, ಪೆಟ್ಟಾದರೆ ಏನು ಅನ್ನುವುದನ್ನೂ ತಿಳಿಸಿ.

ಹಲಗಿ ಸಪ್ಪಳ

ಪೈಲ್ವಾನರದ್ದು ಮೊದಲು, ಹೊಸ ಹ್ಯಾಂಡ್‌ಬಿಲ್ಲಿಗೂ ಮೊದಲು. ಬಾಕಿ ಉಳಿಸಿಕೊಂಡ ಊರಿನ ಹೆಸರು ಗರಡಿಯಿಂದ ಗರಡಿಗೆ ಹೋಗುತ್ತದೆ, ಒಳ್ಳೆಯ ವಸ್ತಾದಿ ಹುಡುಗರನ್ನು ಕಳಿಸುವುದಿಲ್ಲ. ಪೆಂಡಾಲು, ಮೈಕಿನವರ ಹತ್ತಿರ ಕಂತು ಕೇಳಬಹುದು.

ಗ್ರಾಮ ಪಂಚಾಯಿತಿ ಮತ್ತು ಪೊಲೀಸ್ ಠಾಣೆಗೆ ತಿಂಗಳು ಮೊದಲೇ ಅರ್ಜಿ ಕೊಡಿ. ಗುಡಿ ಮುಜರಾಯಿಗೆ ಸೇರಿದ್ದರೆ ಅವರ ಒಪ್ಪಿಗೆಯೂ ಬೇಕು. ಮೈಕಿಗೆ ಕರೆಂಟನ್ನು ಕಂಬದಿಂದ ಕೊಕ್ಕೆ ಹಾಕಿ ಎಳೆಯದೆ ಜೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆಯಿರಿ.

ಆಂಬುಲೆನ್ಸ್ ಕಣದ ಹತ್ತಿರವೇ ನಿಲ್ಲಲಿ, ಅದು ಹೊರಡುವ ದಾರಿಗೆ ಅಡ್ಡ ಬೆಂಡು ಬತ್ತಾಸಿನ ಅಂಗಡಿ ಬೇಡ. ತಲೆ ಕೆಳಗಾಗಿ ಬಿದ್ದವನು ಕೈಕಾಲು ಜೋಮು ಹಿಡಿದಿದೆ ಅಂದರೆ ಯಾರೂ ಎತ್ತಿ ಕೂರಿಸಬಾರದು. ಕತ್ತು ಅಲುಗದಂತೆ ಇಬ್ಬದಿಗೂ ಕೈಯಿಂದ ಹಿಡಿದು, ಕಾಲರ್ ಹಾಕಿ ಹಲಗೆಯ ಮೇಲೆಯೇ ಸಾಗಿಸಬೇಕು. ಕಣದ ನಾಲ್ಕು ಮೂಲೆಗೆ ನಿಲ್ಲುವ ಹುಡುಗರಿಗೆ ಇದನ್ನು ಮೊದಲೇ ಮಾಡಿ ತೋರಿಸಿ. ಪ್ರೀತಿಯಿಂದ ಓಡಿಬಂದು ಎಬ್ಬಿಸುವವರನ್ನು ತಡೆಯುವುದು ಅವರ ಕೆಲಸ.