ಡಿ ಅಂಡ್ ಡಿ ಆಟದಲ್ಲಿ 17ನೇ ಲೆವೆಲ್‌ಗೆ ಬಂದೆ, ವಿಶ್ ತಗೊಳ್ಳೋದಾ ಬೇಡ್ವಾ? ಆಡಿದವರು ಹೇಳಿ

ಪ್ರಶ್ನೆ ಕೇಳಿದವರು: ತುಮಕೂರಿನಲ್ಲಿ ಗೆಳೆಯನ ಮನೆ ಮಹಡಿಯಲ್ಲಿ ಭಾನುವಾರ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಪಾತ್ರ ಕಟ್ಟಿಕೊಂಡು ದಾಳ ಹಾಕುತ್ತ ಕಥೆ ನಡೆಸುವ ಆಟ) ಆಡುತ್ತೇವೆ. 2014ರ ರೂಲ್ಸ್. ನನ್ನ ಪಾತ್ರ ವಿಝರ್ಡ್, ಅಂದರೆ ಮಂತ್ರವಾದಿ, ಈ ವಾರ 17ಕ್ಕೆ ಬರುತ್ತಾನೆ. 9ನೇ ಲೆವೆಲ್ ಸ್ಪೆಲ್ (ಮಂತ್ರ) ಆಗಿ, ಕೇಳಿದ್ದನ್ನು ಆಗಿಸುವ ವಿಶ್ ತಗೊಳ್ಳಲಾ, ಉಲ್ಕೆ ಸುರಿಸುವ ಮೀಟಿಯರ್ ಸ್ವಾರ್ಮಾ? (ಸ್ಪೆಲ್ ಲೆವೆಲ್ ಬೇರೆ, ಪಾತ್ರದ ಲೆವೆಲ್ ಬೇರೆ.) ಪಾರ್ಟಿಯಲ್ಲಿ, ಅಂದರೆ ನಮ್ಮ ತಂಡದಲ್ಲಿ, ಗಾಯ ವಾಸಿ ಮಾಡುವ, ಸತ್ತವರನ್ನು ಎಬ್ಬಿಸುವ ಕ್ಲೆರಿಕ್ ಇಲ್ಲ. ಆಟ ನಡೆಸುವ ಡಿಎಂ ಸ್ವಲ್ಪ ಕಟ್ಟುನಿಟ್ಟಿನ ಮನುಷ್ಯ. ಅನುಭವ ಇರುವವರು ಹೇಳಿ.

ಕ್ಯಾತ್ಸಂದ್ರ ಮಂತ್ರವಾದಿ: ವಿಶ್ ಕಡೆ ತಲೆ ಹಾಕಿ ಮಲಗಬೇಡಿ. ನನ್ನ ಕಥೆ ಕೇಳಿ. ಊರಿಗೆ ಊರೇ ಡ್ರ್ಯಾಗನ್ ಬೆಂಕಿಗೆ ಹೋಗಿತ್ತು. ‘ಆ ಬೆಂಕಿ ಬೀಳಲೇ ಇಲ್ಲ ಅಂತಾಗಲಿ’ ಎಂದು ವಿಶ್ ಹಾಕಿದೆ. ವಿಶ್‌ನಿಂದ 8ನೇ ಲೆವೆಲ್‌ವರೆಗಿನ ಬೇರೆ ಸ್ಪೆಲ್ ನಕಲು ಮಾಡಿದರೆ ಏನೂ ಆಗುವುದಿಲ್ಲ, ಅದರಾಚೆ ಕೇಳಿದರೆ ಮೈಮೇಲೆ ಬರುತ್ತದೆ, ಗೊತ್ತಲ್ಲ. ಸ್ಟ್ರೆಂತ್ (ಮೈಬಲದ ಅಂಕ) 3ಕ್ಕೆ ಇಳಿಯಿತು. 2ಡಿ4 ದಿನ, ಅಂದರೆ ನಾಲ್ಕು ಮುಖದ ಎರಡು ದಾಳ ಹಾಕಿ ಬಂದಷ್ಟು ದಿನ, ಬಿದ್ದದ್ದು 4 ಮತ್ತು 3. ಆ ಸ್ಟ್ರೆಂತ್‌ಗೆ ಹೊರಲು ಆಗುವುದು 45 ಪೌಂಡ್, ಅಂದರೆ 20 ಕೆಜಿ. ನಮ್ಮ ಡಿಎಂ ಪೆನ್ಸಿಲ್ ಕೊಟ್ಟು ಪಟ್ಟಿ ಮಾಡಿಸಿದರು. ಸ್ಪೆಲ್ ಬುಕ್ 3, ಹಾಸಿಗೆ ಸುರುಳಿ 7, ಹಗ್ಗ 10, ನೀರಿನ ಚೀಲ 5, ಹತ್ತು ದಿನದ ಬುತ್ತಿ 20. ಅಲ್ಲಿಗೆ 45 ಮುಗಿಯಿತು. ಕೈಯಲ್ಲಿರುವ ಕೋಲು ಕೆಳಗಿಡು ಅಂದರು! ನಾಲ್ಕು ಪೌಂಡ್ ಕೋಲು ಸ್ವಾಮಿ.

ಅಷ್ಟಕ್ಕೇ ಮುಗೀತಾ? ಲಾಂಗ್ ರೆಸ್ಟ್ (ಪೂರ್ತಿ ವಿಶ್ರಾಂತಿ) ಆಗುವವರೆಗೆ ಯಾವ ಸ್ಪೆಲ್ ಹಾಕಿದರೂ ಆ ಸ್ಪೆಲ್‌ನ ಲೆವೆಲ್‌ಗೊಂದು ಡಿ10 ನೆಕ್ರೋಟಿಕ್ ಏಟು, ಜೀವ ಹೀರುವಂಥದ್ದು. ತಡೆಯೋಕೂ ಬರಲ್ಲ, ಕಡಿಮೆ ಮಾಡೋಕೂ ಬರಲ್ಲ. ಜೀವ ಉಳಿಸಿಕೊಳ್ಳಲು ಟೆಲಿಪೋರ್ಟ್ ಹಾಕಿದೆ. 7ನೇ ಲೆವೆಲ್, 7ಡಿ10, ಜೀವದ ಅಂಕ 41 ಹೋಯಿತು. ಆಮೇಲೆ ನೂರರ ದಾಳ. 33 ಅಥವಾ ಕೆಳಗೆ ಬಂದರೆ ವಿಶ್ ಜನ್ಮಕ್ಕೂ ಇಲ್ಲ. 31 ಬಿತ್ತು. ಊರು ಉಳಿಯಿತಾ ಅಂದರೆ, ಡಿಎಂ ‘ಬೆಂಕಿ ಬೀಳಲಿಲ್ಲ, ಪ್ರವಾಹ ಬಂತು’ ಅಂದರು.

ಕೋಲಾರದ ಡಿಎಂ: ಪುಸ್ತಕದಲ್ಲಿ ಇರುವುದನ್ನೇ ಅವರು ಮಾಡಿದ್ದಾರೆ. ಇದರಲ್ಲಿ ಗೋಳೇನು ಬಂತು? ಡಿಎಂ ಕಷ್ಟ ನಿಮಗೆಲ್ಲಿ ಗೊತ್ತಾಗಬೇಕು. ನಮ್ಮಲ್ಲೊಬ್ಬ ಹುಡುಗ ಸಿಮ್ಯುಲಾಕ್ರಮ್ ಹಿಡಿದ, ತನ್ನದೇ ನಕಲು ಬೊಂಬೆ ಮಾಡುವ ಸ್ಪೆಲ್. ಮಾಮೂಲಿಯಾಗಿ 12 ಗಂಟೆ ಬೇಕು, 1,500 ಚಿನ್ನದ ನಾಣ್ಯದ ಮಾಣಿಕ್ಯದ ಪುಡಿ ಬೇಕು, ಹಿಮ ಬೇಕು. ಕಥೆ ನಡೆಯುತ್ತಿದ್ದದ್ದು ಮರುಭೂಮಿಯಲ್ಲಿ, ಹಿಮ ಎಲ್ಲಿಂದ ತರ್ತಾನೆ ಅಂತ ನೆಮ್ಮದಿಯಾಗಿದ್ದೆ. ಬೆಟ್ಟಕ್ಕೆ ಹೋಗಿ ತಂದೇಬಿಟ್ಟ. ಮೊದಲ ಬೊಂಬೆ ತನ್ನ ವಿಶ್‌ನಿಂದ ಇನ್ನೊಂದು ಬೊಂಬೆ ಮಾಡಿತು, ಅದು ಮತ್ತೊಂದು. ವಿಶ್‌ನಲ್ಲಿ ನಕಲು ಮಾಡಿದರೆ ಪುಡಿಯೂ ಬೇಡ, ಹಿಮವೂ ಬೇಡ, ಒಂದು ಆಕ್ಷನ್, ಅಂದರೆ ಒಂದು ಟರ್ನ್‌ನ ಕೆಲಸ, ಸಾಕು. ನಮ್ಮ ಟೊಮೆಟೊ ಮಂಡಿಯಲ್ಲಿ ಕ್ರೇಟ್ ಜೋಡಿಸಿದ ಹಾಗೆ ವಿಝರ್ಡ್‌ಗಳು ಸಾಲಾಗಿ ನಿಂತರು. ಒಂದೊಂದಕ್ಕೂ ಟರ್ನ್. ಒಂದು ರೌಂಡ್ ಮುಗಿಯುವಷ್ಟರಲ್ಲಿ ಕತ್ತಲಾಯಿತು. ಅವತ್ತೇ ವಿಶ್ ಬ್ಯಾನ್. ಹುಡುಗ ಮುನಿಸಿಕೊಂಡು ಈಗ ಮಾಲೂರಿನಲ್ಲಿ ಬೇರೆ ಟೇಬಲ್ ನಡೆಸುತ್ತಾನಂತೆ. ನಡೆಸಲಿ.

ಕ್ಯಾತ್ಸಂದ್ರ ಮಂತ್ರವಾದಿ: ಬ್ಯಾನ್ ಮಾಡೋದು ಸುಲಭ. ವಿಲನ್ ಕೈಗೆ ಎದುರಿನವರ ಸ್ಪೆಲ್ ತಡೆಯುವ ಒಂದು ಕೌಂಟರ್‌ಸ್ಪೆಲ್ ಕೊಡೋಕೆ ಏನಾಗಿತ್ತು?

ಕೋಲಾರದ ಡಿಎಂ: 3ನೇ ಸ್ಲಾಟ್‌ನಲ್ಲಿ (ಸ್ಲಾಟ್ ಅಂದರೆ ಆ ಲೆವೆಲ್‌ನ ಸ್ಪೆಲ್ ಹಾಕಲು ಸಿಗುವ ಒಂದು ಅವಕಾಶ) 9ನೇ ಲೆವೆಲ್ ತಡೆಯಲು ಡಿಸಿ 19, ಅಂದರೆ ದಾಳದ ಲೆಕ್ಕ 19 ಮುಟ್ಟಬೇಕು. 60 ಅಡಿಯೊಳಗೆ ಇರಬೇಕು, ಕಣ್ಣಿಗೆ ಕಾಣಬೇಕು. ಅವನು ಬಾಗಿಲು ಹಾಕಿಕೊಂಡು ಬೊಂಬೆ ಮಾಡುತ್ತಿದ್ದರೆ ನನ್ನ ವಿಲನ್ ಕಿಟಕಿಯಲ್ಲಿ ಇಣುಕಬೇಕಾ?

ಶಿಡ್ಲಘಟ್ಟ ಎರಡು ದೋಣಿ: ನಿಮಗೆಲ್ಲ ವಿಶ್ ಆದರೂ ಸಿಕ್ಕಿತ್ತು. ನಾನು ಶುರುವಿನಲ್ಲೇ ಎರಡು ಲೆವೆಲ್ ಕ್ಲೆರಿಕ್ ತಗೊಂಡವನು. ಕ್ಯಾಂಪೇನ್ (ಇಡೀ ಕಥೆ) 18ಕ್ಕೆ ಮುಗಿಯಿತು, ಅಂದರೆ ವಿಝರ್ಡ್ 16. ಸ್ಲಾಟ್ ಲೆಕ್ಕಕ್ಕೆ ಎರಡೂ ಕೂಡುತ್ತವೆ, ಹಾಗಾಗಿ 9ನೇ ಸ್ಲಾಟ್ ಇದೆ. ಸ್ಪೆಲ್ ಕಲಿಯುವ ಲೆಕ್ಕ ಬೇರೆ ಬೇರೆ, ಅದು 8ಕ್ಕೇ ನಿಂತಿತು. ಆ ಸ್ಲಾಟ್‌ನಲ್ಲಿ ಎದುರಿನವರನ್ನು ಪುಡಿ ಮಾಡುವ ಡಿಸಿಂಟಿಗ್ರೇಟ್ ಹಾಕಿದೆ. 19ಡಿ6 ಜೊತೆಗೆ 40. ದಾಳ ಸಾಲದೆ ಲೂಡೋ ಡಬ್ಬಿ ಬಿಚ್ಚಿದ್ದೆ. ಎದುರಿಗಿದ್ದ ಲಿಚ್ (ಸತ್ತೂ ಸಾಯದ ಮಂತ್ರವಾದಿ) ಹಾಕಿದ ಸೇವ್, ಅಂದರೆ ತಪ್ಪಿಸಿಕೊಳ್ಳುವ ದಾಳ, ಫೇಲ್ ಆಯಿತು, ನಾನು ಎದ್ದು ನಿಂತೆ. ಡಿಎಂ ತಣ್ಣಗೆ ‘ಲೆಜೆಂಡರಿ ರೆಸಿಸ್ಟೆನ್ಸ್’ ಅಂದರು, ಫೇಲಾದ ಸೇವನ್ನೂ ಪಾಸು ಮಾಡಿಕೊಳ್ಳುವ ಶಕ್ತಿ. ಡಿಸಿಂಟಿಗ್ರೇಟ್‌ನಲ್ಲಿ ಪಾಸಾದರೆ ಅರ್ಧ ಏಟೂ ಇಲ್ಲ, ಸೊನ್ನೆ. ಆದರೂ ನನಗೆ ಬೇಜಾರಿಲ್ಲ. ಆ ಎರಡು ಲೆವೆಲ್ ಕೊಟ್ಟ ಕವಚದಿಂದಲೇ ಕೊನೆವರೆಗೂ ಬದುಕಿದ್ದೆ. ಬರೀ ನಿಲುವಂಗಿ ತೊಟ್ಟು ಬಂದ ವಿಝರ್ಡ್‌ಗಳೆಲ್ಲ ದಾರಿಯಲ್ಲೇ ಹೋದರು.

ಕೋಲಾರದ ಡಿಎಂ: ಹೀಗೆ ಎರಡು ಬೆರೆಸಿ ಮಲ್ಟಿಕ್ಲಾಸ್ ಮಾಡಿಕೊಂಡು ವಿಝರ್ಡ್ ಅಂತ ಹೇಳಿಕೊಳ್ಳಬೇಡಿ.

ಶಿಡ್ಲಘಟ್ಟ ಎರಡು ದೋಣಿ: ಹುಡುಗರನ್ನು ಓಡಿಸಿ ನೀವು ಡಿಎಂ ಅಂತ ಹೇಳಿಕೊಳ್ಳುತ್ತಿಲ್ವಾ?

ಚಿಂತಾಮಣಿ ಕ್ಲೆರಿಕ್ ಅಕ್ಕ: ಪಾರ್ಟಿಯಲ್ಲಿ ಕ್ಲೆರಿಕ್ ಇಲ್ಲ ಅಂತ ಕೇಳಿದವರು ಬರೆದಿದ್ದಾರೆ, ಅದನ್ನು ಯಾರೂ ನೋಡಲೇ ಇಲ್ಲ. ನಾನು 20ರವರೆಗೂ ಕ್ಲೆರಿಕ್. ಸತ್ತವರನ್ನು ಎಬ್ಬಿಸುವ ಖರ್ಚು ನನ್ನನ್ನು ಕೇಳಿ. ರಿವಿವಿಫೈ ಸ್ಪೆಲ್‌ಗೆ 300 ಚಿನ್ನದ ನಾಣ್ಯದ ವಜ್ರ, ಅದೂ ಒಂದು ನಿಮಿಷದೊಳಗೆ. ರೇಸ್ ಡೆಡ್ 500, ಹತ್ತು ದಿನದೊಳಗೆ. ರಿಸರೆಕ್ಷನ್ 1,000. ಟ್ರೂ ರಿಸರೆಕ್ಷನ್ 25,000. ವಜ್ರ ಒಂದೇ ಸಲಕ್ಕೆ ಮುಗಿದುಹೋಗುತ್ತೆ. ನಮ್ಮ ಬಾರ್ಬೇರಿಯನ್ ಸಾಯೋದು, ವಜ್ರ ನನ್ನ ಪಾಲಿನ ದುಡ್ಡಲ್ಲಿ ಬರೋದು. ‘ನೀನು ತಾನೇ ಕ್ಲೆರಿಕ್’ ಅಂತಾರೆ. ಆ 25,000 ಕೂಡಿಸೋಕೆ ಮ್ಯಾಜಿಕ್ ಗದೆ ಮಾರಿದೆ. ಎದ್ದು ಕೂತವನು ಮೊದಲು ಕೇಳಿದ್ದು ‘ನನ್ನ ಕೊಡಲಿ ಎಲ್ಲಿ?’. ಒಂದು ಥ್ಯಾಂಕ್ಸ್ ಇಲ್ಲ! ವಿಶ್ ಇದ್ದಿದ್ದರೆ ರಿಸರೆಕ್ಷನ್ ನಕಲು ಮಾಡಿ ಒಂದು ಆಕ್ಷನ್‌ನಲ್ಲಿ ಮುಗಿಸಬಹುದಿತ್ತು. ಗಂಟೆಗಟ್ಟಲೆ ಕೂರೋದು ಬೇಡ, ವಜ್ರ ಬೇಡ, ಸ್ಟ್ರೆಂತ್ ಇಳಿಯೋದೂ ಇಲ್ಲ. ಟ್ರೂ ರಿಸರೆಕ್ಷನ್ ಮಾತ್ರ 9ನೇ ಲೆವೆಲ್, ನಕಲಿಗೆ ಸಿಗಲ್ಲ.

ಗೌರಿಬಿದನೂರು 2024: ಇನ್ನೂ 2014 ಆಡ್ತಿದ್ದೀರಾ? 2024ರ ಹೊಸ ರೂಲ್ಸ್‌ನಲ್ಲಿ ಕೌಂಟರ್‌ಸ್ಪೆಲ್ ಬಿದ್ದರೆ ಸ್ಪೆಲ್ ಹಾಕಿದವನೇ ಕಾನ್‌ಸ್ಟಿಟ್ಯೂಷನ್ (ಮೈಗಟ್ಟಿತನದ) ಸೇವ್ ಮಾಡಬೇಕು. ಫೇಲಾದರೂ ಸ್ಲಾಟ್ ಉಳಿಯುತ್ತೆ. ಈ ಡಿಸಿ 19ರ ಗಲಾಟೆಯೇ ಇಲ್ಲ.

ಕ್ಯಾತ್ಸಂದ್ರ ಮಂತ್ರವಾದಿ: ಹಳೇ ಮೂರು ಪುಸ್ತಕಕ್ಕೆ ಎಷ್ಟು ಕೊಟ್ಟೆ ಅಂತ ಮನೆಯಲ್ಲಿ ಇನ್ನೂ ಹೇಳಿಲ್ಲ. ಕೊರಿಯರ್‌ನವನು ಮೂಲೆ ಜಜ್ಜಿ ತಂದುಕೊಟ್ಟ, ವಾಪಸ್ಸೂ ತಗೊಳ್ಳಲಿಲ್ಲ. ಮತ್ತೆ ಹೊಸದು ಕೊಳ್ಳಬೇಕಾ?

ಗೌರಿಬಿದನೂರು 2024: ಜೆರಾಕ್ಸ್ ಮಾಡಿಸಿ ಆಡೋರಿಗಿಂತ ವಾಸಿ ಬಿಡಿ.

ಶಿಡ್ಲಘಟ್ಟ ಎರಡು ದೋಣಿ: ಜೆರಾಕ್ಸ್ ಅಂದಿದ್ದು ಯಾರಿಗೆ? ಹೆಸರು ಹಿಡಿದು ಹೇಳಿ.

ಪ್ರಶ್ನೆ ಕೇಳಿದವರು: ಮೀಟಿಯರ್ ಸ್ವಾರ್ಮ್ ಬಗ್ಗೆ ಯಾರೂ ಹೇಳಲಿಲ್ಲ...

ಚಿಂತಾಮಣಿ ಕ್ಲೆರಿಕ್ ಅಕ್ಕ: 20ಡಿ6 ಬೆಂಕಿ, 20ಡಿ6 ಬಂಡೆ ಏಟು. ಲೆವೆಲ್ ಏರಿದಾಗ ವಿಝರ್ಡ್ ಪುಸ್ತಕಕ್ಕೆ ಎರಡು ಸ್ಪೆಲ್ ಸೇರುತ್ತೆ ಅಲ್ವಾ? ಎರಡೂ ಬರೆದುಕೊಳ್ಳಿ ತಮ್ಮಾ.

ಕ್ಯಾತ್ಸಂದ್ರ ಮಂತ್ರವಾದಿ: ಬರೆದುಕೊಂಡು? 9ನೇ ಸ್ಲಾಟ್ ದಿನಕ್ಕೆ ಒಂದೇ ಮೇಡಂ.

ಕೋಲಾರದ ಡಿಎಂ: 40 ದಾಳ ಕೂಡೋರು ಯಾರು? ಅದನ್ನೂ ಬ್ಯಾನ್ ಮಾಡಿದ್ದೇನೆ.